ವಿಮಲಾಬಾಯಿ ತಮ್ಮನನ್ನು ತಂಡದಿಂದ ಬಿಟ್ಟ ವರ್ಷ

ಬೆಟಗೇರಿಯ ಕನ್ಯಾಶಾಲೆಯಲ್ಲಿ ಆಟ ಕಲಿಸುತ್ತಿದ್ದ ವಿಮಲಾಬಾಯಿಯನ್ನು ಊರೆಲ್ಲ ಪೀಟಿ ಬಾಯಾರು ಎಂದೇ ಕರೆಯುತ್ತಿತ್ತು. ಮೈಮೇಲೆ ಇಳಕಲ್ಲ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಮಂಗಳಸೂತ್ರಕ್ಕೆ ತೊಡರಿಕೊಂಡು ತೂಗುವ ಸೀಟಿ. ಮಾತು ಜೋರು, ನಡಿಗೆ ಅದಕ್ಕಿಂತ ಜೋರು. ಸಂತೆಗೆ ಹೋದರೂ ಕಾಯಿಪಲ್ಲೆಯವರನ್ನು ಸಾಲು ನಿಲ್ಲಿಸಿ ಮಾತಾಡಿಸುತ್ತಾಳೆ ಎಂದು ಗಂಡ ಗೋಪಾಲರಾಯರು ನಗುತ್ತಿದ್ದರು. ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರು, ಮೆತ್ತಗಿನ ಮನುಷ್ಯ. ಮನೆಯಲ್ಲಿ ಏರುದನಿ ಯಾರದ್ದೆಂದು ಓಣಿಯವರು ಕೇಳಬೇಕಾಗಿರಲಿಲ್ಲ.

ತವರುಮನೆಯೂ ದೂರವಲ್ಲ, ಗದಗಿನ ವೀರನಾರಾಯಣ ಗುಡಿಯ ಹಿಂದಿನ ಓಣಿ. ತಂದೆ ಗುಡಿಯಲ್ಲಿ ಪೂಜೆ ಮಾಡುತ್ತಿದ್ದವರು, ಮಕ್ಕಳು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರು. ತಮ್ಮ ವಾಸುದೇವ ಅವಳಿಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಸಂಜೆ ಸಾಲಿ ಬಿಟ್ಟ ಮೇಲೆ ಅವನು ಮನೆಗೆ ಬಾರದೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಉಳಿಯುತ್ತಿದ್ದ. ಅವನನ್ನು ಕರೆತರಲು ತಾಯಿ ತುಳಸಾಬಾಯಿ ಮಗಳನ್ನು ಅಟ್ಟುತ್ತಿದ್ದಳು. ಮೊದಮೊದಲು ವಿಮಲಾ ಅಂಗಳದ ಅಂಚಿನಲ್ಲಿ ನಿಂತು ಬೈಯುತ್ತಿದ್ದಳು. ಬರಬರುತ್ತ ಬೈಯುವುದನ್ನು ಮರೆತು ನೋಡತೊಡಗಿದಳು. ಆಮೇಲೆ ತಮ್ಮನ ಕೈಯಿಂದ ಚೆಂಡು ಕಸಿದುಕೊಂಡು ತಾನೂ ಒಗೆದು ನೋಡಿದಳು. ಆಟದ ಟೀಚರ್ ಆಗಬೇಕೆಂದು ಹಟ ಹಿಡಿದು ತರಬೇತಿಗೆ ಹೋದದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ವಾಸುದೇವ ದೊಡ್ಡವನಾಗಿ ತಾಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ, ತ್ರಿಕೂಟ ಕ್ಲಬ್ಬಿನ ಕ್ಯಾಪ್ಟನ್ ಆದ. ಮುಳಗುಂದ ನಾಕಾದ ಹತ್ತಿರ ಕ್ಲಬ್ಬಿನದೊಂದು ಅಂಗಳ, ಗರಸು ಹಾಕಿ, ರೂಲು ಉರುಳಿಸಿ ಗಟ್ಟಿ ಮಾಡಿದ್ದು. ಅಲ್ಲಿ ಆಡಿದವರ ಹೆಸರು ಹುಬ್ಬಳ್ಳಿ ಧಾರವಾಡದವರೆಗೂ ಕೇಳಿಬರುತ್ತಿತ್ತು. ದಸರೆಯಿಂದ ಬೇಸಿಗೆಯವರೆಗೆ ಆಟ. ಮಳೆ ಹಿಡಿದರೆ ಅಂಗಳ ರಾಡಿಯಾಗಿ ಚೆಂಡು ಪುಟಿಯುತ್ತಿರಲಿಲ್ಲ, ಆ ನಾಲ್ಕು ತಿಂಗಳು ಮಳೆ ಬಿಟ್ಟ ದಿನ ಒಂದಿಷ್ಟು ಅಭ್ಯಾಸ, ಉಳಿದದ್ದೆಲ್ಲ ಬರಿ ಮಾತು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ, ರೇಲ್ವೆಯವರು ಯಾರನ್ನು ಕರೆದರು, ದಾವಣಗೆರೆಯ ಮಿಲ್ಲಿನವರು ಯಾರಿಗೆ ನೌಕರಿ ತೋರಿಸಿದರು ಎಂಬ ಸುದ್ದಿ ಚಹಾದಂಗಡಿಯಲ್ಲಿ ಮಿರ್ಚಿ ಭಜಿಯ ಜೊತೆ ಬಿಸಿಬಿಸಿಯಾಗಿ ಸಿಗುತ್ತಿತ್ತು. ವಿಮಲಾಬಾಯಿ ಪಂದ್ಯದ ಹೊತ್ತಿಗೆ ಮೇಜಿನ ಹತ್ತಿರ ಕುಳಿತು ಅಂಕ ಬರೆಯುತ್ತಿದ್ದಳು. ಕ್ಲಬ್ಬಿನಲ್ಲಿ ಅವಳ ಪಾಲು ಅಷ್ಟೇ ಆಗಿತ್ತು, ಎಪ್ಪತ್ತೆಂಟರ ಮಳೆಗಾಲದವರೆಗೆ.

ಆ ವರ್ಷ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಫೈನಲ್ಲಿನಲ್ಲಿ ಜಗಳ ಹುಟ್ಟಿತು. ಕ್ಲಬ್ಬಿನ ಅಧ್ಯಕ್ಷ ತಿರಕಪ್ಪನವರು ಹತ್ತಿಯ ವ್ಯಾಪಾರಿ. ಗದಗಿನಲ್ಲೊಂದು, ಲಕ್ಷ್ಮೇಶ್ವರದಲ್ಲೊಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಆಟಗಾರರಲ್ಲಿ ಅರ್ಧ ಮಂದಿಗೆ ಅಲ್ಲಿಯೇ ಕೆಲಸ ಕೊಟ್ಟಿದ್ದರು. ಕೈ ಧಾರಾಳ, ಮೂಗಿನ ತುದಿಯಲ್ಲಿ ಸಿಟ್ಟು. ತಂಡಕ್ಕೆ ಆಟ ಹೇಳಿಕೊಡುತ್ತಿದ್ದ ನಬಿಸಾಬರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವರು, ಗದಗಿನ ಹುಡುಗರ ಎರಡು ತಲೆಮಾರಿಗೆ ಚೆಂಡು ಹಿಡಿಯುವುದನ್ನು ಕಲಿಸಿದವರು. ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ನಬಿಸಾಬರು ತಿರಕಪ್ಪನವರ ತಂಗಿಯ ಮಗನನ್ನು ಹೊರಗೆ ಕರೆದು ಬೇರೊಬ್ಬನನ್ನು ಇಳಿಸಿದರು. ತಂಡ ಸೋತಿತು. ಹುಡುಗನನ್ನು ತೆಗೆದದ್ದಕ್ಕೇ ಸೋತದ್ದು ಎಂದು ತಿರಕಪ್ಪನವರು, ಅವನನ್ನು ಅಷ್ಟು ಹೊತ್ತು ಆಡಿಸಿದ್ದಕ್ಕೇ ಸೋತದ್ದು ಎಂದು ನಬಿಸಾಬರು.

ಜೂನಿನಲ್ಲಿ ಪ್ರೆಸ್ಸಿನ ಮಹಡಿಯ ಮೇಲೆ ಕಮಿಟಿ ಸೇರಿತು. ಮಾಸ್ತರನನ್ನು ತೆಗೆಯಿರಿ ಇಲ್ಲ ನನ್ನನ್ನು ಬಿಡಿ ಎಂದರು ತಿರಕಪ್ಪನವರು. ಕಮಿಟಿಯವರು ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಇಬ್ಬರಿಗೂ ಬೇಡವಾದರು. ಕಾರ್ಯದರ್ಶಿಯಾಗಿದ್ದ ವಕೀಲರು ತಮಗೆ ಬಿ.ಪಿ. ಇದೆ ಎಂದು ಹೇಳಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ವಾರದೊಳಗೆ ತಿರಕಪ್ಪನವರು ಲಕ್ಷ್ಮೇಶ್ವರದಲ್ಲಿ ಹೊಸ ಕ್ಲಬ್ಬು ತೆಗೆದರು. ಅವರ ಫ್ಯಾಕ್ಟರಿಯಲ್ಲಿ ದುಡಿಯುವ ಆಟಗಾರರೆಲ್ಲ ಅಲ್ಲಿಗೆ ಹೋದರು. ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಅಲ್ಲಾಉದ್ದೀನನೂ ಹೋದ. ಅವನ ಮನೆಯಲ್ಲಿ ಉಣ್ಣುವ ಬಾಯಿ ಬಹಳ, ಕೆಲಸ ಬಿಡುವ ಹಾಗಿರಲಿಲ್ಲ. ಹೋಗುವ ಮುಂಚೆ ನಬಿಸಾಬರ ಮನೆಗೆ ಬಂದು ಬಾಗಿಲಲ್ಲಿ ನಿಂತು ಅತ್ತನಂತೆ.

ಅದೂ ಸಾಲದೆಂಬಂತೆ ಒಂದು ಬೆಳಿಗ್ಗೆ ಫ್ಯಾಕ್ಟರಿಯ ಆಳುಗಳು ಚಕ್ಕಡಿ ಹೂಡಿಕೊಂಡು ಬಂದು ಅಂಗಳದ ಎರಡೂ ಕಬ್ಬಿಣದ ರಿಂಗು ಬಿಚ್ಚಿಕೊಂಡು ಹೋದರು. ಅವು ತಿರಕಪ್ಪನವರ ಖರ್ಚಿನಲ್ಲಿ ಆಗಿದ್ದವು, ಆದ್ದರಿಂದ ಅವರವೇ. ಕಂಬ ಉಳಿಯಿತು, ಹಲಗೆ ಉಳಿಯಿತು. ಚೆಂಡು ಒಗೆದರೆ ಬೀಳಲಿಕ್ಕೆ ಜಾಗವಿಲ್ಲದ ಅಂಗಳ ನೋಡಲು ಜನ ಬಂದು ಹೋದರು.

ಉಳಿದ ಕಮಿಟಿಯಲ್ಲಿ ಎರಡು ಪಂಗಡ. ಒಂದು ತಿರಕಪ್ಪನವರ ಕಾಲು ಹಿಡಿದು ಕರೆತರೋಣ ಎನ್ನುವವರದ್ದು, ಇನ್ನೊಂದು ನಬಿಸಾಬರ ಬೆನ್ನಿಗೆ ನಿಂತವರದ್ದು. ಒಂದು ಪಂಗಡದವನು ಕಾರ್ಯದರ್ಶಿ ಆಗುವುದು ಇನ್ನೊಂದಕ್ಕೆ ಬೇಡ. ಆಗ ಯಾರೋ ಪೀಟಿ ಬಾಯಾರ ಹೆಸರು ತೆಗೆದರು. ಹೆಣ್ಣುಮಗಳು, ಹೇಳಿದ ಹಾಗೆ ಕೇಳುತ್ತಾಳೆ ಎಂದುಕೊಂಡಿತು ಒಂದು ಪಂಗಡ. ಕ್ಯಾಪ್ಟನ್ನನ ಅಕ್ಕ, ನಮ್ಮವಳೇ ಎಂದುಕೊಂಡಿತು ಇನ್ನೊಂದು. ಎರಡೂ ಪಂಗಡದವರು ಖುಷಿಯಿಂದ ಕೈಯೆತ್ತಿದರು. ಸುದ್ದಿ ತಂದವರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಗೋಪಾಲರಾಯರು ಹೆಂಡತಿಯ ಮುಖ ನೋಡಿದರು. ಈ ಹೊಲಸಿನಲ್ಲಿ ಯಾಕೆ ಕೈ ಹಾಕುತ್ತಿ ಎಂದರು. ಇಪ್ಪತ್ತು ವರ್ಷ ಹುಡುಗಿಯರಿಗೆ ಲೇಜಿಮು ಕಲಿಸಿದೆ, ಒಂದು ವರ್ಷ ಇದನ್ನೂ ನೋಡುತ್ತೇನೆ ಎಂದಳು ಅವಳು. ಆ ರಾತ್ರಿಯ ಊಟದಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕಿದ್ದು ಬಿಟ್ಟರೆ ಗಾಬರಿ ತೋರಿಸಲಿಲ್ಲ.

ಮೊದಲ ಕೆಲಸ ರಿಂಗಿನದು. ಚಕ್ಕಡಿ ಗಾಲಿಗೆ ಹಳಿ ಕೂರಿಸುವ ಬೆಟಗೇರಿಯ ಕಮ್ಮಾರನ ಹತ್ತಿರ ಹೋಗಿ, ಚೆಂಡನ್ನು ಅವನ ಮುಂದೆ ಇಟ್ಟು, ಇದು ಸರಾಗ ಇಳಿಯುವಂಥ ಬಳೆ ಮಾಡಿಕೊಡು ಎಂದಳು. ಅವನು ಸರಾಗವಾಗಿಯೇ ಮಾಡಿದ. ಕಟ್ಟಿದ ದಿನ ಯಾರು ಹೇಗೆ ಒಗೆದರೂ ಚೆಂಡು ಒಳಗೆ. ಹುಡುಗರು ಕುಣಿದಾಡಿದರು. ನಬಿಸಾಬರು ಮಾತ್ರ ಬಾಯಿಗೆ ಟವೆಲು ಹಿಡಿದು ನಕ್ಕರು, ಇದರಲ್ಲಿ ಕುಂಬಳಕಾಯಿ ಕೂಡ ಇಳಿಯುತ್ತದೆ ಎಂದರು. ಮರುದಿನ ರಿಂಗು ಮತ್ತೆ ಕುಲುಮೆಗೆ ಹೋಯಿತು.

ಎರಡನೆಯ ಕೆಲಸ ಆಟಗಾರರದು. ಕಾಲೇಜಿನಿಂದ ಕೆಲವರು ಸಿಕ್ಕರು, ಬೆಟಗೇರಿಯ ನೇಕಾರರ ಮನೆಯ ಇಬ್ಬರು ಬಂದರು. ಎತ್ತರದವನು ಬೇಕಿತ್ತು. ಡಂಬಳದಲ್ಲಿ ಸಕ್ರಪ್ಪ ಎಂಬವನಿದ್ದಾನೆ, ಮುಂಡರಗಿ ಹೈಸ್ಕೂಲಿನಲ್ಲಿ ಆಡಿದವನು, ಈಗ ಹೊಲದಲ್ಲಿದ್ದಾನೆ ಎಂದು ಯಾರೋ ಹೇಳಿದರು. ಭಾನುವಾರ ವಿಮಲಾಬಾಯಿ ಮುಂಡರಗಿ ಬಸ್ಸು ಹತ್ತಿದಳು.

ಸಕ್ರಪ್ಪ ಮನೆಯಲ್ಲಿ ಇರಲಿಲ್ಲ. ತಾಯಿ ಅಮೃತವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಬಂದ ಕಾರಣ ಕೇಳಿ, ಇದ್ದೊಬ್ಬ ಮಗನನ್ನು ಚೆಂಡಿನ ಹಿಂದೆ ಓಡಲು ಗದಗಿಗೆ ಕಳಿಸಿದರೆ ಹೊಲದಲ್ಲಿ ಎಡೆಕುಂಟೆ ಹೊಡೆಯುವವರು ಯಾರು ಎಂದು ಕೇಳಿದಳು. ವಿಮಲಾಬಾಯಿ ಇನ್ನೊಂದು ಮೊರ ತೆಗೆದುಕೊಂಡು ಎದುರಿಗೆ ಕೂತು ತಾನೂ ಜೋಳ ಕೇರತೊಡಗಿದಳು. ಅಮೃತವ್ವ, ಕೇರುವುದು ಸರಿಯಿಲ್ಲ ಎಂದು ಒಮ್ಮೆ ಕೈ ಹಿಡಿದು ತೋರಿಸಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಬ್ಬರೂ ಮಳೆಯ ಮಾತು, ಮೊಣಕಾಲು ನೋವಿನ ಮಾತು, ತೀರಿಹೋದವರ ಮಾತು ಎಲ್ಲ ಮುಗಿಸಿದ್ದರು. ಕೊನೆಗೆ ಅಮೃತವ್ವ ಮೊರ ಕೆಳಗಿಟ್ಟಳು.

"ಬಾಯಾರ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಾ ಅಲ್ಲಿ ನಿಮ್ಮನಿಯಾಗ ಉಣ್ಣಾಂವ. ಒಳಗ ಕರದು ಉಣ್ಣಾಕ ಹಾಕ್ತೀರೋ, ಹೊರಗ ಕಟ್ಟಿ ಮ್ಯಾಲೆ ಹಾಕ್ತೀರೋ?"

ವಿಮಲಾಬಾಯಿಯ ಮನೆಯಲ್ಲಿ ಅಡಿಗೆಮನೆಗೆ ಹೊರಗಿನವರು ಬಂದದ್ದಿಲ್ಲ. ಅದು ಅವಳು ಮಾಡಿದ ರೂಢಿಯಲ್ಲ, ಅತ್ತೆಯ ಕಾಲದ್ದು. ಅತ್ತೆ ಹೋದ ಮೇಲೂ ಹಾಗೇ ನಡೆದುಬಂದಿತ್ತು. ಯಾರೂ ಕೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಸೀರೆಗೆ ಹತ್ತಿದ ಹೊಟ್ಟು ಕೊಡವಿಕೊಂಡು, "ಅಡಗೀ ಮನಿಯೊಳಗ, ನನ್ನ ಗಂಡನ ಪಕ್ಕದಾಗ," ಎಂದಳು.

"ಹಂಗಾದ್ರ ಒಯ್ರಿ. ಸುಗ್ಗಿಗೆ ತಿರುಗಿ ಕಳಸಬೇಕು ಮತ್ತ," ಎಂದಳು ಅಮೃತವ್ವ.

ಊರಿಗೆ ಬಂದು ಗಂಡನಿಗೆ ಹೇಳಿದಳು. ಸಕ್ರಪ್ಪ ಬಂದ ದಿನ ಗೋಪಾಲರಾಯರು ತಮ್ಮ ಮಣೆಯನ್ನು ಗೋಡೆಯ ಕಡೆಗೆ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟರು. ಹುಡುಗನ ಕಾಲು ಎಷ್ಟು ಉದ್ದವೆಂದರೆ ಮಡಚಿ ಕೂತರೂ ಮೊಣಕಾಲು ಅವರ ತಾಟಿಗೆ ತಾಗುತ್ತಿತ್ತು.

ಇನ್ನು ಉಳಿದದ್ದು ಯಾರೂ ಮಾತಾಡಲೊಲ್ಲದ ಸಂಗತಿ. ಹೊಸ ಹಂಗಾಮಿಗೆ ಹತ್ತು ಮಂದಿಯ ಹೆಸರು ಧಾರವಾಡದ ಜಿಲ್ಲಾ ಸಂಘಕ್ಕೆ ಹೋಗಬೇಕು. ವಾಸುದೇವನನ್ನು ಸೇರಿಸಿದರೆ ಹನ್ನೊಂದು. ಒಂದು ಸಂಜೆ ನಬಿಸಾಬರು ಕನ್ಯಾಶಾಲೆಯ ಗೇಟಿನ ಹತ್ತಿರ ಸೈಕಲ್ಲು ಹಿಡಿದುಕೊಂಡು ನಿಂತಿದ್ದರು. ಸುತ್ತು ಬಳಸಿ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. ವಾಸಣ್ಣನ ಮೊಣಕಾಲು ಮೂರು ವರ್ಷದಿಂದ ಹೋಗಿದೆ. ಅವನಿಗೆ ಓಡಲಾಗುವುದಿಲ್ಲ, ಅದು ಬೇರೆ ಮಾತು. ಅವನು ಅಂಗಳದಲ್ಲಿದ್ದರೆ ಹುಡುಗರು ತಾವು ಒಗೆಯುವುದನ್ನು ಬಿಟ್ಟು ಚೆಂಡು ಅವನಿಗೇ ಕೊಡುತ್ತಾರೆ, ಅವನು ಬಂದು ಮುಟ್ಟುವವರೆಗೆ ನಿಂತು ಕಾಯುತ್ತಾರೆ. ಮರ್ಯಾದೆಗೆ ಆಟ ನಿಂತುಹೋಗುತ್ತದೆ.

"ಅವನಿಗೆ ಹೇಳ್ರಿ ಹಂಗಾದ್ರ," ಎಂದಳು ವಿಮಲಾಬಾಯಿ.

"ನನಗ ಆಗೂದಿಲ್ರಿ ಬಾಯಾರ. ಹತ್ತ ವರ್ಷದಾಂವ ಇದ್ದಾಗ ಅವನ ಕೈಯಾಗ ಚೆಂಡು ಕೊಟ್ಟಾಂವ ನಾನು. ತಗೋ ಅಂತ ಕೊಟ್ಟ ಬಾಯಿಲೆ ಬಿಡು ಅಂತ ಹೆಂಗ ಹೇಳ್ಲಿ?"

ವಾಸುದೇವ ಬೇರೆ ಯಾರಂತೆಯೂ ಅಲ್ಲ. ತಿರಕಪ್ಪನವರು ಅವನನ್ನೂ ಕರೆದಿದ್ದರು, ಕಾರು ಕಳಿಸಿದ್ದರು. ಅವನು ಕಾರನ್ನು ಹಾಗೇ ತಿರುಗಿಸಿ ಕಳಿಸಿದ್ದ. ಎಲ್ಲರೂ ಬಿಟ್ಟುಹೋದಾಗ ಉಳಿದವನು ಅವನು. ರಿಂಗು ಕಟ್ಟುವಾಗ ಏಣಿಯ ಮೇಲೆ ಹತ್ತಿ ನಿಂತವನೂ ಅವನೇ. ಅವನನ್ನು ಬಿಡುವುದು ಅನ್ಯಾಯ. ಆದರೆ ಅವನನ್ನು ಆಡಿಸಿದರೆ ಡಂಬಳದ ಹುಡುಗನನ್ನೋ ನೇಕಾರರ ಹುಡುಗನನ್ನೋ ಬಿಡಬೇಕು, ಅದೂ ಅನ್ಯಾಯ. ಕ್ಯಾಪ್ಟನ್ನನ ಅಕ್ಕ ಕಾರ್ಯದರ್ಶಿ, ಅದಕ್ಕೇ ಉಳಿಸಿಕೊಂಡಳು ಎಂಬ ಮಾತು ಚಹಾದಂಗಡಿಯಲ್ಲಿ ಆಗಲೇ ಶುರುವಾಗಿತ್ತು. ಆ ಮಾತಿಗೆ ಹೆದರಿ ತಾನು ತಮ್ಮನನ್ನು ಬಿಡುತ್ತಿದ್ದೇನೆಯೇ ಎಂದೂ ಅವಳು ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡಷ್ಟೂ ಗೊಂದಲವಾಯಿತು. ಕೊನೆಗೆ ಒಂದು ಸಂಜೆ ಅಂಗಳಕ್ಕೆ ಹೋಗಿ, ಅಕ್ಕನ ಕಣ್ಣು ಬದಿಗಿಟ್ಟು ಆಟ ನೋಡಿದಳು. ನಬಿಸಾಬರು ಹೇಳಿದ್ದು ಕಣ್ಣೆದುರಿಗೇ ಇತ್ತು. ಸಕ್ರಪ್ಪ ರಿಂಗಿನ ಕೆಳಗೆ ಒಬ್ಬನೇ ಇದ್ದ, ಒಗೆದರೆ ಬೀಳುತ್ತಿತ್ತು. ಅವನು ತಿರುಗಿ ವಾಸುದೇವ ಕುಂಟುತ್ತ ಬರುವುದನ್ನು ಕಾದ.

ನಾಗರ ಪಂಚಮಿಗೆ ಇನ್ನು ಸ್ವಲ್ಪ ದಿನವಿತ್ತು. ತವರಿಗೆ ಹೋದಾಗ ವಾಸುದೇವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹೆಂಡತಿ ಸುಂದರಾಬಾಯಿ ಒಳಗೆ ಅಳ್ಳಿಟ್ಟಿನ ಹಿಟ್ಟು ಹುರಿಯುತ್ತಿದ್ದಳು, ಪಂಚಮಿಯ ಉಂಡಿಗೆ. ವಿಮಲಾಬಾಯಿ ಕೂರಲಿಲ್ಲ. ನಿಂತೇ ಹೇಳಿದಳು. ನಿನ್ನ ಕಾಲು ಆಟಕ್ಕೆ ಸಾಗುತ್ತಿಲ್ಲ, ಈ ವರ್ಷ ನಿನ್ನ ಹೆಸರು ಕಳಿಸುವುದಿಲ್ಲ ಎಂದಳು.

ವಾಸುದೇವ ಎಣ್ಣೆಯ ಕೈಯನ್ನು ಟವೆಲಿಗೆ ಒರೆಸಿಕೊಂಡ. ಆಮೇಲೆ, "ಯಾರು ಬಂದಾರ ಈಗ? ಸೆಕ್ರೆಟರಿ ಬಂದಾಳೋ, ಅಕ್ಕ ಬಂದಾಳೋ?" ಎಂದು ಕೇಳಿದ.

"ಅಕ್ಕ ಬಂದಿದ್ರ ಅಕಿಗೆ ಹೇಳ್ಲಿಕ್ಕೆ ಬಾಯಿ ಬರ್ತಿರಲಿಲ್ಲ, ವಾಸ್ಯಾ."

"ಹಂಗಾದ್ರ ಸೆಕ್ರೆಟರಿಗೆ ಹೇಳು. ಕೇಳಿದೆ ಅಂತ."

ಅವನು ಬಟ್ಟಲೆತ್ತಿಕೊಂಡು ಒಳಗೆ ಹೋದ. ಸುಂದರಾಬಾಯಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಾದಿನಿಯನ್ನು ನೋಡಿದಳು, ಚಹಾ ಇಡ್ಲಾ ಎಂದಳು. ವಿಮಲಾಬಾಯಿ ಬೇಡವೆಂದು ಹೊರಬಿದ್ದಳು. ಗುಡಿಯ ಓಣಿ ದಾಟುವವರೆಗೂ ತಲೆಯೆತ್ತಿ ನಡೆದಳು. ಟಾಂಗಾ ಹತ್ತಿದ ಮೇಲೆ ಸೆರಗು ಮುಖಕ್ಕೆ ಹಿಡಿದಳು.

ಪಂಚಮಿಗೆ ತವರಿಗೆ ಕರೆಯಲು ತಮ್ಮ ಬರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿದ್ದಿಲ್ಲ. ಅವನು ಸಾಲಿಗೆ ಹೋಗುವ ಹುಡುಗನಾಗಿದ್ದಾಗಲೂ ದೊಡ್ಡವರ ಹಾಗೆ ಟೊಪ್ಪಿಗೆ ಹಾಕಿಕೊಂಡು ಬರುತ್ತಿದ್ದ. ಆ ದಿನ ಅವಳು ಬೆಳಿಗ್ಗೆಯಿಂದ ಬಾಗಿಲು ಗುಡಿಸಿದ್ದನ್ನೇ ಗುಡಿಸಿದಳು. ಮಧ್ಯಾಹ್ನ ಟಾಂಗಾ ನಿಂತ ಸಪ್ಪಳಕ್ಕೆ ಓಡಿದರೆ ಇಳಿದವಳು ತಾಯಿ ತುಳಸಾಬಾಯಿ, ಉಂಡಿಯ ಡಬ್ಬಿ ಹಿಡಿದುಕೊಂಡು. ಆ ವಯಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಯಾರದ್ದು ತಪ್ಪು ಯಾರದ್ದು ಸರಿ ಎಂದು ಕೇಳಲಿಲ್ಲ. ನೀವಿಬ್ಬರೂ ಎಷ್ಟು ದಿನ ಬೇಕಾದರೂ ಮಾತು ಬಿಟ್ಟುಕೊಂಡಿರಿ, ನನ್ನ ಜೊತೆ ಮಾತ್ರ ಇಬ್ಬರೂ ಮಾತಾಡುತ್ತ ಇರಿ ಎಂದಳು. ಸಕ್ರಪ್ಪ ಅಡಿಗೆಮನೆಯಲ್ಲಿ ಕೂತು ಉಣ್ಣುವುದನ್ನು ನೋಡಿ ಒಂದು ಕ್ಷಣ ಬಾಗಿಲಲ್ಲೇ ನಿಂತಳು, ಆಮೇಲೆ ಡಬ್ಬಿ ತೆಗೆದು ಅವನ ತಾಟಿಗೂ ಎರಡು ಉಂಡಿ ಹಾಕಿದಳು.

ಮುಂದಿನ ವಾರ ಚಹಾದಂಗಡಿಗೆ ದೊಡ್ಡ ಖಬರ ಬಂತು. ವಾಸಣ್ಣ ಲಕ್ಷ್ಮೇಶ್ವರಕ್ಕೆ ಹೋದ. ಕಚೇರಿ ಬಿಟ್ಟ ಕೂಡಲೇ ಬಸ್ಸು ಹಿಡಿದು ಹೋಗಿ, ತಿರಕಪ್ಪನವರ ಅಂಗಳದಲ್ಲಿ ಆಡಿ, ಕೊನೆಯ ಬಸ್ಸಿಗೆ ಬರುತ್ತಾನಂತೆ. ಹುಬ್ಬಳ್ಳಿಯ ಪತ್ರಿಕೆಯಲ್ಲೂ ಅದು ಮೂಲೆಯಲ್ಲಿ ಬಂತು. ತಮ್ಮನನ್ನೇ ಹೊರಗೆ ಹಾಕಿದ ಹೆಂಗಸು ಎಂದು ಜನ ವಿಮಲಾಬಾಯಿಯ ಬೆನ್ನ ಹಿಂದೆ ಮಾತಾಡಿದರು, ಕೆಲವರು ಎದುರಿಗೂ ಮಾತಾಡಿದರು. ತಮ್ಮನನ್ನು ಉಳಿಸಿಕೊಳ್ಳುತ್ತಾಳೆ ಎಂದು ಆಡಿಕೊಂಡವರೇ ಅವರು. ಅವಳು, ಆ ಕಾಲು ಹೊತ್ತುಕೊಂಡು ತಮ್ಮ ಬಸ್ಸಿನಲ್ಲಿ ನಿಂತು ಹೋಗುತ್ತಾನೋ, ಕೂರಲು ಸೀಟು ಸಿಗುತ್ತದೋ ಎಂದು ಮಾತ್ರ ಗೋಪಾಲರಾಯರ ಹತ್ತಿರ ಕೇಳಿದಳು. ಗೋಪಾಲರಾಯರು ಮರುದಿನ ಮುಳಗುಂದ ನಾಕಾದ ಕಡೆಯಿಂದ ಅಡ್ಡಾಡಿಕೊಂಡು ಬಂದು, ಕಿಟಕಿಯ ಹತ್ತಿರ ಸೀಟು ಸಿಕ್ಕಿದೆ ಎಂದು ವರದಿ ಒಪ್ಪಿಸಿದರು.

ದಸರೆಗೆ ತ್ರಿಕೂಟ ಕ್ಲಬ್ಬಿನ ಅಂಗಳದಲ್ಲೇ ಪಂದ್ಯಾವಳಿ. ಶಿರಹಟ್ಟಿ, ಮುಂಡರಗಿ, ಹುಬ್ಬಳ್ಳಿಯ ತಂಡಗಳು ಬಂದವು. ಸೆಮಿಫೈನಲ್ಲಿಗೆ ಎದುರಾದದ್ದು ಗದಗು ಮತ್ತು ಲಕ್ಷ್ಮೇಶ್ವರ. ಅಂಗಳಕ್ಕೆ ನೀರು ಹೊಡೆದು ರೂಲು ಎಳೆದಿದ್ದರು. ಗೋಡೆಯ ಮೇಲೆ, ಬೇವಿನ ಮರದ ಮೇಲೆ ಜನ. ತಿರಕಪ್ಪನವರು ತಮ್ಮ ಕುರ್ಚಿಯನ್ನು ತಾವೇ ತರಿಸಿಕೊಂಡು ಕೂತಿದ್ದರು. ವಿಮಲಾಬಾಯಿ ಅವರಿಗೆ ನಮಸ್ಕಾರ ಮಾಡಿದಳು, ಅವರೂ ಎದ್ದು ನಿಂತು ಮಾಡಿದರು.

ಗದಗಿನ ಹುಡುಗರು ಚೆನ್ನಾಗಿ ಆಡಿದರು, ಯಾರೂ ಎಣಿಸದಷ್ಟು ಚೆನ್ನಾಗಿ. ಅರ್ಧ ಆಟ ಮುಗಿದಾಗ ಮುಂದಿದ್ದರು. ಸಕ್ರಪ್ಪ ಕೈಯೆತ್ತಿದರೆ ಲಕ್ಷ್ಮೇಶ್ವರದವರಿಗೆ ರಿಂಗು ಕಾಣುತ್ತಿರಲಿಲ್ಲ. ಆಟ ಕೊನೆಯ ಹಂತಕ್ಕೆ ಬಂದಾಗ ತಿರಕಪ್ಪನವರ ಕಡೆಯಿಂದ ವಾಸುದೇವ ಎದ್ದು ಅಂಗಿಯ ಗುಂಡಿ ಬಿಚ್ಚಿದ. ಮೊಣಕಾಲಿಗೆ ದಪ್ಪನೆಯ ಪಟ್ಟಿ ಸುತ್ತಿದ್ದ. ಗೋಡೆಯ ಮೇಲೆ ಕೂತವರು ಎದ್ದು ನಿಂತರು.

ಅವನು ಓಡಲಿಲ್ಲ. ಓಡಬೇಕಾದ ಕೆಲಸವನ್ನೇ ಇಟ್ಟುಕೊಳ್ಳಲಿಲ್ಲ. ರಿಂಗಿನ ಎದುರು ಒಂದು ಜಾಗ ಹಿಡಿದು ನಿಂತ. ಅಲ್ಲಾಉದ್ದೀನ ಓಡಿ ಓಡಿ ಚೆಂಡು ತಂದು ಅವನ ಕೈಗೆ ಕೊಟ್ಟ. ಎದೆಯ ಹತ್ತಿರದಿಂದ ಎರಡೂ ಕೈಯಲ್ಲಿ ಒಗೆಯುವುದು ಹಳೆಯ ಕಾಲದ ರೀತಿ, ಹೊಸ ಹುಡುಗರು ಅದನ್ನು ಕಂಡು ನಗುತ್ತಿದ್ದರು. ಚೆಂಡು ಒಂದಾದ ಮೇಲೊಂದು ಒಳಗೆ ಬಿತ್ತು. ಅವನನ್ನು ತಡೆಯಲು ನಬಿಸಾಬರು ಸಕ್ರಪ್ಪನನ್ನು ಕಳಿಸಿದರು. ವಾಸುದೇವ ಒಗೆದ ಹಾಗೆ ಮಾಡಿದ, ಸಕ್ರಪ್ಪ ಜಿಗಿದ, ಇಳಿಯುವಾಗ ಅವನ ಮೈಮೇಲೆ ಬಿದ್ದ. ರೆಫರಿಯ ಸೀಟಿ. ಗದಗು ಒಂದೇ ಅಂಕ ಮುಂದಿತ್ತು, ಆಟ ಮುಗಿಯುತ್ತ ಬಂದಿತ್ತು. ತಪ್ಪಿಗೆ ದಂಡವೆಂದು ವಾಸುದೇವನಿಗೆ ಎರಡು ಒಗೆತ, ಒಂದೊಂದಕ್ಕೆ ಒಂದು ಅಂಕ.

ನೆಲದಿಂದ ಏಳಲು ಅವನಿಗೆ ಹೊತ್ತು ಹಿಡಿಯಿತು. ಸಕ್ರಪ್ಪನೇ ಕೈಕೊಟ್ಟು ಎಬ್ಬಿಸಿದ. ಮೊದಲನೆಯದು ರಿಂಗಿಗೂ ತಾಗದೆ ಇಳಿಯಿತು. ಚಪ್ಪಾಳೆಯ ಸಪ್ಪಳ ಕೇಳಿ ಗದಗಿನ ಕಮಿಟಿಯವರು ತಿರುಗಿ ನೋಡಿದರು. ತಟ್ಟುತ್ತಿದ್ದವಳು ಅವರ ಕಾರ್ಯದರ್ಶಿ. ನಬಿಸಾಬರು ಆಕಾಶ ನೋಡತೊಡಗಿದರು. ಎರಡನೆಯದೂ ಇಳಿಯಿತು. ಗದಗು ಒಂದು ಅಂಕಕ್ಕೆ ಸೋತಿತು.

ಆ ವಾರ ಕಮಿಟಿ ಸೇರಿದಾಗ ಅವಳ ರಾಜೀನಾಮೆ ಕೇಳಿದರು. ಬಿಟ್ಟ ಆಟಗಾರನ ಕೈಯಿಂದಲೇ ಸೋತದ್ದು ಒಂದು, ಅವನಿಗೆ ಚಪ್ಪಾಳೆ ತಟ್ಟಿದ್ದು ಇನ್ನೊಂದು. ವಿಮಲಾಬಾಯಿ ತಕರಾರು ಮಾಡಲಿಲ್ಲ. ಬಿಡುತ್ತೇನೆ, ಯಾರು ತೆಗೆದುಕೊಳ್ಳುತ್ತೀರಿ ಹೇಳಿ ಎಂದಳು. ಒಬ್ಬರು ಕೆಮ್ಮಿದರು, ಒಬ್ಬರಿಗೆ ಮಗಳ ಮದುವೆಯಿತ್ತು. ನಬಿಸಾಬರು ಚಹಾ ತರಿಸಿದರು, ಚಹಾ ಕುಡಿಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಯಿತು. ರಾಜೀನಾಮೆಯ ಮಾತು ಅಲ್ಲಿಗೇ ಉಳಿಯಿತು.

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಟಾಂಗಾ ಬಂದು ನಿಂತಿತು. ವಾಸುದೇವ ಕೋಲು ಊರಿಕೊಂಡು ಇಳಿದ. ಆ ಪಂದ್ಯದ ಮರುದಿನದಿಂದ ಹಾಸಿಗೆ ಹಿಡಿದಿದ್ದನೆಂದು ತಾಯಿಯ ಬಾಯಿಂದ ಅವಳಿಗೆ ಗೊತ್ತಿತ್ತು. ಅಕ್ಕ ಕುರ್ಚಿ ಹಾಕಿದಳು. ಅವನು ಕಾಲು ಚಾಚಿ ಕೂತ. ಅವಳು ಎಣ್ಣೆ ಬೆಚ್ಚಗೆ ಮಾಡಿ ತಂದು ನೆಲದ ಮೇಲೆ ಕೂತಳು. ಅವನು ಮೊಣಕಾಲು ಅವಳ ಕಡೆಗೆ ಸರಿಸಿದ.

"ನೀ ಹೇಳಿದ್ದು ಖರೆ ಅದ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಈ ಕಾಲು ಮುಗೀತು. ಇನ್ನ ಆಡೂದಿಲ್ಲ ನಾನು."

"ನಿನ್ನ ಆಡ್ಸಬೇಕಿತ್ತೇನೋ ಅಂತ ನನಗ ಅನಸ್ತದ. ಆ ದಿನ ನೋಡಿದ ಮ್ಯಾಲೆ."

"ಇಲ್ಲ. ನೀ ಆಡ್ಸಿದ್ರ ನಾ ಅಷ್ಟು ಛಲೋ ಆಡ್ತಿರಲಿಲ್ಲ, ಅಕ್ಕಾ. ಸಿಟ್ಟಿಗೆ ಬಿದ್ದಾವ ಆ ಚೆಂಡೆಲ್ಲಾ."

ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು. ಅವನು ಅಳು ಮುಗಿಯುವವರೆಗೆ ಕಾದು, ಚಪ್ಪಾಳೆ ತಟ್ಟಿದ್ದು ನೀನೇ ಏನು ಎಂದು ಕೇಳಿದ. ಹೌದೆಂದಳು. ಹಾಗೆ ಮಾಡಬಾರದು, ಕಾರ್ಯದರ್ಶಿಗೆ ಅದು ಶೋಭಿಸುವುದಿಲ್ಲ ಎಂದು ಬುದ್ಧಿ ಹೇಳಿದ. ಊಟಕ್ಕೆ ಕೂತಾಗ ಸಕ್ರಪ್ಪ ನಾಚಿಕೊಂಡು ಗೋಡೆಯ ಕಡೆಗೆ ಮುಖ ಮಾಡಿದ್ದ. ವಾಸುದೇವ ರೊಟ್ಟಿ ಮುರಿಯುತ್ತ, ಎದುರಿನವನ ಕೈ ನೋಡಬೇಡ, ಸೊಂಟ ನೋಡು, ಕೈ ಸುಳ್ಳು ಹೇಳುತ್ತದೆ ಎಂದು ಅವನಿಗೆ ಹೇಳತೊಡಗಿದ.

ಅವನು ಮುಂದೆ ತಂಡಕ್ಕೆ ಮಾಸ್ತರನಾಗುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಒಂದು ತಿಂಗಳು ಪ್ರಯತ್ನ ಮಾಡಿದ. ಹುಡುಗರಿಗೆ ಬೈದು ಬೈದು ದನಿ ಹೋಯಿತು, ತನಗೆ ಕಲಿಸಲು ಬರುವುದಿಲ್ಲ ಎಂದು ತಾನೇ ಬಿಟ್ಟ. ಆಮೇಲೆ ಸಂಜೆ ಬೇವಿನ ಮರದ ಕೆಳಗೆ ಕೂತು, ಅಕ್ಕನ ಆಡಳಿತದಲ್ಲಿ ತಪ್ಪು ಹುಡುಕುವುದನ್ನು ಕೆಲಸ ಮಾಡಿಕೊಂಡ. ಪಂಚಮಿಗೆ ಕರೆಯಲು ಮಾತ್ರ ತಪ್ಪದೆ ಬಂದ.

ಲಕ್ಷ್ಮೇಶ್ವರದ ಕ್ಲಬ್ಬು ಎರಡು ಹಂಗಾಮು ನಡೆಯಿತು. ತಿರಕಪ್ಪನವರಿಗೆ ಬೇಜಾರು ಬಂತು, ಅವರ ಮನಸ್ಸು ಆಗ ಕುಸ್ತಿಯ ಕಡೆ ಹೊರಳಿತ್ತು. ಅಲ್ಲಾಉದ್ದೀನ ಮತ್ತು ಉಳಿದವರು ತಿರುಗಿ ಬಂದು ಅಂಗಳದ ಹೊರಗೆ ನಿಂತಾಗ ನಬಿಸಾಬರು ಮುಖ ತಿರುಗಿಸಿಕೊಂಡರು. ವಿಮಲಾಬಾಯಿ ಸೀಟಿ ಊದಿ, ಬೂಟು ಹಾಕಿಕೊಂಡು ಒಳಗೆ ಬರ್ರಿ ಎಂದಳು. ನಬಿಸಾಬರು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಅಲ್ಲಾಉದ್ದೀನನಿಗೆ ಮೊದಲಿನ ಹಾಗೆ ಬೈದರು. ಸಕ್ರಪ್ಪನನ್ನು ಎಂಬತ್ತೊಂದರಲ್ಲಿ ರೇಲ್ವೆಯವರು ಕರೆದರು. ತಂಡದ ಬೆನ್ನೆಲುಬು ಮುರಿಯುತ್ತದೆ, ಕಳಿಸಬೇಡಿ ಎಂದು ಕಮಿಟಿ ಹಟ ಹಿಡಿಯಿತು. ಅವಳು ಡಂಬಳಕ್ಕೆ ಹೋಗಿ ಅಮೃತವ್ವನನ್ನು ಕರೆದುಕೊಂಡು ಬಂದಳು. ಹೆಂಗಸರಿಬ್ಬರೂ ಸಕ್ರಪ್ಪನ ಜೊತೆ ಒಂದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗಿ ಅವನನ್ನು ಕೆಲಸಕ್ಕೆ ಬಿಟ್ಟು ಬಂದರು. ಅಮೃತವ್ವ ಮೊದಲ ಸಲ ರೈಲು ಹತ್ತಿದ್ದು ಅಂದೇ. ಮಗ ನೌಕರಿಗೆ ಸೇರಿದ ಖುಷಿಗಿಂತ, ಗಾಡಿ ಅಣ್ಣಿಗೇರಿಯಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಎಂಬುದನ್ನೇ ಊರಿಗೆ ಹೋಗಿ ಹೇಳಿದಳಂತೆ.

ವಿಮಲಾಬಾಯಿ ಎಂಬತ್ತಾರರವರೆಗೂ ಕಾರ್ಯದರ್ಶಿಯಾಗಿದ್ದಳು. ಒಂದು ವರ್ಷ ನೋಡುತ್ತೇನೆ ಎಂದದ್ದನ್ನು ಗೋಪಾಲರಾಯರು ಪ್ರತಿ ಮಳೆಗಾಲ ನೆನಪಿಸಿದರು. ಕನ್ಯಾಶಾಲೆಯ ಹುಡುಗಿಯರ ತಂಡ ಕಟ್ಟಿದಳು, ಶಿರಹಟ್ಟಿಯಲ್ಲಿ ಮೊದಲ ಪಂದ್ಯ ಆಡಿಸಿದಳು, ಸೋತು ಬಂದವರಿಗೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ಗಿರಮಿಟ್ಟು ಕೊಡಿಸಿದಳು. ಕಪ್ಪುಗಳನ್ನು ಗೆದ್ದ ವರ್ಷವೂ ಇತ್ತು, ಏನೂ ಗೆಲ್ಲದ ವರ್ಷವೂ ಇತ್ತು.

ಅವಳು ಬಿಟ್ಟ ಮೇಲೆ ಆ ಜಾಗಕ್ಕೆ ಬಂದವನು ದಾದಾಪೀರ, ನಬಿಸಾಬರ ಅಳಿಯ. ಮರು ಮಳೆಗಾಲದಲ್ಲೇ ತಲೆ ಹಿಡಿದುಕೊಂಡು ಅವಳ ಮನೆಗೆ ಬಂದ. ಇಬ್ಬರು ಹುಡುಗರಿಗೆ ದಾವಣಗೆರೆಯ ಮಿಲ್ಲಿನವರು ಕೆಲಸ ತೋರಿಸಿದ್ದಾರೆ, ಕಮಿಟಿಯವರು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದಾರೆ, ತಾನೇನು ಮಾಡಲಿ ಎಂದ. ಅವಳು ಅವನ ಮುಂದೆ ಅವಲಕ್ಕಿ ಇಟ್ಟಳು.

"ಆ ಹುಡುಗರ ಮನಿಗೆ ಹೋಗಿದ್ದಿ ಏನು?"

"ಇಲ್ರಿ ಬಾಯಾರ. ಕಮಿಟಿ ಗದ್ದಲದಾಗ ಆಗಿಲ್ಲ."

"ಮೊದಲ ಹೋಗಿ ಕೂತು ಬಾ. ಆಮ್ಯಾಲೆ ಮುಂದಿಂದು."

ದಾದಾಪೀರ ಹೋಗಿ ಬಂದ. ಒಬ್ಬ ಉಳಿದ, ಒಬ್ಬ ಹೋದ. ಸುದ್ದಿ ಹೇಳಲು ಬಂದಾಗ ವಿಮಲಾಬಾಯಿ ಉಳಿದವನ ಮಾತು ಕೇಳಲಿಲ್ಲ. ಹೋದವನಿಗೆ ದಾವಣಗೆರೆಯಲ್ಲಿ ಇರಲು ಮನೆ ಸಿಕ್ಕಿತೋ ಇಲ್ಲವೋ, ಊಟಕ್ಕೆ ಏನು ಮಾಡಿಕೊಳ್ಳುತ್ತಾನೆ ಎಂದು ವಿಚಾರಿಸಿದಳು. ದಾದಾಪೀರನಿಗೆ ಅದು ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಸೈಕಲ್ಲು ಹತ್ತಿದ.